ನಮ್ಮ ಮನೆ ಬಂದಾಗ

ರೀ,

ನಮ್ಮೂರು ಮತ್ಸುಯಾಮಾದಲ್ಲಿ ಮತ್ತೆ ಚುನಾವಣೆ. ಈ ಬೆಳಿಗ್ಗೆ ಪಕ್ಕದ ಮನೆಯ ಕಿನುಯೊ ಅಜ್ಜಿ ಕಿತ್ತಳೆ ಕೊಡಲು ಬಂದರು.

"ಏನೇ ಸುಮಿಯೆ, ನಿನ್ನ ಗಂಡ ಮತ್ತೆ ನಿಂತಿದಾರಾ? ಈಗಷ್ಟೇ, ಓಟು ಕೇಳೋರು ಹಾಕೋ ಬಿಳಿ ಗ್ಲೌಸ್ ಹಾಕ್ಕೊಂಡು ಪ್ರಚಾರದ ಗಾಡೀಲಿ ಹೋದ್ರು. ಮೈಕಿನ ಸದ್ದೇ ಇರ್ಲಿಲ್ಲ. ಟೀವೀಲಿ ನಗ್ತಿದ್ದ ಹಾಗೇ ನಗ್ತಾ ಎಲ್ಲರ ಮನೆಗೂ ಕೈ ಬೀಸಿದ್ರು."

ನೀವು ತೀರಿಕೊಂಡು ಮೂರು ವರ್ಷ. ಅಜ್ಜಿಗೆ ಅರಳುಮರಳು ಎಂದುಕೊಂಡು ನಕ್ಕೆ.

"ನಿಮ್ಮನೆ ಬಂದಾಗ ಮಾತ್ರ ಕೈ ಇಳಿಸಿ ಆ ಕಡೆ ತಿರುಗಿಬಿಟ್ರು ಕಣೆ."

ನನ್ನ ನಗು ನಿಂತಿತು. ಟೀವಿ ಕಾರ್ಯಕ್ರಮ ನಡೆಸುವುದನ್ನು ಬಿಟ್ಟು ಆ ಒಂದು ಸಲ ಚುನಾವಣೆಗೆ ನಿಂತಾಗ ನೀವು ಮಾಡುತ್ತಿದ್ದುದೇ ಅದು. ಕೇಳಿದರೆ, "ಮನೆ ಓಟು ಎಲ್ಲಿಗೆ ಹೋಗುತ್ತೆ?" ಎನ್ನುತ್ತಿದ್ದಿರಿ. ಕಿಟಕಿಯಲ್ಲಿ ಎತ್ತಿದ ಕೈಯನ್ನು ನಾನೇ ಇಳಿಸಿಕೊಳ್ಳುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ನಾಳೆ ಬೆಳಿಗ್ಗೆ ನೀವು ಕೈ ಬೀಸುತ್ತಾ ಬರುವ ಹೊತ್ತಿಗೆ ನಾನು ಅಜ್ಜಿಯ ಮನೆಯ ಬಾಲ್ಕನಿಯಲ್ಲಿ ನಿಂತಿರುತ್ತೇನೆ.