ಹೆಸರು ಹುಡುಕುವ ಆಟ

ಅಪ್ಪಾ,

ಆಸ್ಪತ್ರೆಯಿಂದ ನಿನ್ನನ್ನು ನಾಂಪಲ್ಲಿಯ ಮನೆಗೆ ಕರೆತಂದ ದಿನ ನೀನು ನೀರು ಕೇಳಲು ಹೋಗಿ ‘ಛತ್ರಿ’ ಎಂದೆ. ಅಮ್ಮ ಛತ್ರಿಯನ್ನೇ ತಂದುಕೊಟ್ಟಳು. ಅದನ್ನು ಹಿಡಿದುಕೊಂಡ ನಿನ್ನ ಕಣ್ಣು ತುಂಬಿತು. ಲಕ್ವಾ ಬಲಗೈಯ ಜೊತೆಗೆ ಮಾತಿಗೂ ಹೊಡೆದಿದೆ, ಮನಸ್ಸಿನಲ್ಲಿರುವುದು ಒಂದು, ಬಾಯಿಗೆ ಬರುವುದು ಇನ್ನೊಂದು ಎಂದು ಡಾಕ್ಟರು ಹೇಳಿದ್ದರು. ಕಚೇರಿಯಲ್ಲಿ ತೆಲುಗು, ಬೇಗಂ ಬಜಾರಿನಲ್ಲಿ ಹಿಂದಿ, ಮನೆಯಲ್ಲಿ ಕನ್ನಡ ಎಂದು ಹರಟೆ ಹೊಡೆಯುತ್ತಿದ್ದ ನಿನಗೆ ಅದು ಹೇಗಿತ್ತು? ಒಳಗೇ ಕುಳಿತು, ಎಲ್ಲ ಗೊತ್ತಿದ್ದೂ...

ಮಾದಾಪುರದಲ್ಲಿ ನಾನು ವಿಡಿಯೊ ಗೇಮ್‌ಗಳಿಗೆ ಗುಂಡಿನ ಕಾಳಗಗಳನ್ನು ವಿನ್ಯಾಸ ಮಾಡುತ್ತಿದ್ದ ಕಾಲ ಅದು. ನಿನ್ನ ಕಷ್ಟ ಅಮ್ಮನಿಗೆ ಎಷ್ಟು ಹೇಳಿದರೂ ತಿಳಿಯಲಿಲ್ಲ. ನನಗೆ ಬರುವ ಒಂದೇ ವಿದ್ಯೆಯಿಂದ ಹೇಳೋಣವೆಂದು ಒಂದು ಸಣ್ಣ ಗೇಮ್ ಶುರು ಮಾಡಿದೆ. ಅದರಲ್ಲಿ ಒಬ್ಬ ಮುದುಕ ಹೆಂಡತಿಯನ್ನು ಹೆಸರು ಹಿಡಿದು ಕರೆಯಬೇಕು, ಅಷ್ಟೇ. ಪರದೆಯ ಮೇಲೆ ಅಕ್ಷರಗಳು ತೇಲುತ್ತವೆ. ಒಂದನ್ನು ಒತ್ತಿದರೆ ಇನ್ನೊಂದು ಸಿಗುತ್ತದೆ.

ಒಂದು ಭಾನುವಾರ ಫೋನನ್ನು ನಿನ್ನ ತೊಡೆಯ ಮೇಲೆ, ಎಡಗೈಗೆ ಎಟಕುವಂತೆ ಇಟ್ಟೆ. ಬೇಗ ಒತ್ತಿದಷ್ಟೂ ಅಂಕ ಹೆಚ್ಚುವ ಹಾಗೆ ಮಾಡಿದ್ದೆ. ಒತ್ತಿ ತೋರಿಸುತ್ತಿದ್ದ ನನ್ನ ಬೆರಳನ್ನು ನೀನು ಪರದೆಯಿಂದ ಎತ್ತಿ, ಬಹಳ ಹೊತ್ತು ಹಿಡಿದುಕೊಂಡೇ ಕುಳಿತೆ. ಕೊನೆಗೆ, “ತಡಿ” ಎಂದೆ. ಎಷ್ಟು ಸ್ಪಷ್ಟವಾಗಿ! ನಾನು ಅಂಕಗಳನ್ನು ಕಿತ್ತುಹಾಕಿದೆ. ಆತುರಪಟ್ಟರೆ ಅಕ್ಷರಗಳು ಚದುರುವಂತೆ, ಕಾದರೆ ಒಂದೊಂದಾಗಿ ಹತ್ತಿರ ಬರುವಂತೆ ಬದಲಿಸಿದೆ. ಅದು ನಿನ್ನ ವಿನ್ಯಾಸ ಅಪ್ಪಾ, ನನ್ನದಲ್ಲ.

ಗೇಮ್ ಮುಗಿಯುವ ಮೊದಲೇ ಎರಡನೇ ಸಲ ಲಕ್ವಾ ಹೊಡೆಯಿತು. ನೀನು ಹೋದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ಅಮ್ಮ ಒಂದನ್ನೇ ಹೇಳುತ್ತಿದ್ದಳು: “ಏನೋ ಹೇಳಾಕ ಹೊಂಟಿದ್ರು. ನಾ ಚಾ ಬೇಕೇನ್ರಿ ಅಂತ ಕೇಳಿ ಒಳಗ ಹೋದೆ.” ಅವಳು ಹೊರಗೆ ಬರುವಷ್ಟರಲ್ಲಿ ನೀನು...

ಮೊನ್ನೆ ಅಮ್ಮ ತಾನಾಗಿಯೇ ಆ ಗೇಮ್ ಕೇಳಿ ಪಡೆದಳು. ಪಟಪಟನೆ ಒತ್ತಿದಳು; ಅಕ್ಷರಗಳು ಚದುರಿದವು. ಮತ್ತೆ ಒತ್ತಿದಳು. ಸೋತು ಕೈ ಹಿಂದೆಗೆದು ಸುಮ್ಮನೆ ಕುಳಿತಳು. ಆಗ ಅವು ಒಂದೊಂದೇ ಬಂದು ‘ಸುಶೀಲಾ’ ಎಂದು ಕೂಡಿಕೊಂಡವು. ಮುದುಕನ ಹೆಂಡತಿಗೆ ನಾನು ತನ್ನ ಹೆಸರನ್ನೇ ಇಟ್ಟಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

“ಇದನ್ನ ಹುಡುಕಾಕತ್ತಿದ್ರೇನು ಅವರು?” ಎಂದಳು.

ನನಗೇನು ಗೊತ್ತು, ಅಪ್ಪಾ? ಹೌದೆಂದೆ.

ಕೊನೆಯಲ್ಲಿ ಗೆಲುವಿನ ಸಂಗೀತ ಹಾಕು ಎಂದು ಜೊತೆಯವರು ಹೇಳುತ್ತಾರೆ. ಹಾಕುವುದಿಲ್ಲ. ಮುದುಕ ಹೆಸರು ಕರೆದಾಗ ಹೆಂಡತಿ ಉತ್ತರ ಕೊಡುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಆ ದನಿ ಅಮ್ಮನದು. ನಿನ್ನೆ ಮೈಕಿನ ಮುಂದೆ ಕುಳಿತು, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಹೇಳಿದಳು:

“ಇಲ್ಲೇ ಅದೀನ್ರಿ. ಹೇಳ್ರಿ.”