ಎಡಗಡೆಯ ಶಾಕ್ ಅಬ್ಸಾರ್ಬರ್

ಪ್ರೀತಿಯ ಅಪ್ಪಾ,

ಮೊದಲು ಒಂದು ಪ್ರಶ್ನೆ. ಕಾರಿನ ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳಲ್ಲಿ ಎಡಗಡೆಯದನ್ನು ಮಾತ್ರ ಯಾಕೆ ಬದಲಾಯಿಸಿದಿರಿ? ಜೋಡಿಯಾಗಿಯೇ ಹಾಕಬೇಕೆಂದು ನಿಮಗೆ ಗೊತ್ತಿರಲಿಲ್ಲವೇ? ಒಂದೇ ಕಾಲಿಗೆ ಚಪ್ಪಲಿ ಕೊಂಡವರುಂಟೇ?

ನೆನಪಿದೆಯೇ, ನಮ್ಮ ಹೋಟೆಲಿನ ಅಡುಗೆಮನೆ ಇಕ್ಕಟ್ಟೆಂದು ಇಡ್ಲಿ ಹಿಟ್ಟನ್ನು ಅಡಾಜಣ್ ಬಡಾವಣೆಯ ಮನೆಯಲ್ಲೇ ರುಬ್ಬಿ, ಬೆಳಿಗ್ಗೆ ತಾಪಿ ನದಿಯ ಸೇತುವೆ ದಾಟಿಸುತ್ತಿದ್ದುದು? ನೀವು ಸ್ಟೀರಿಂಗ್ ಹಿಡಿದರೆ, ಅಮ್ಮ ಹಿಂದೆ ಕುಳಿತು ಕಾಲಬುಡದ ಪಾತ್ರೆಯ ಮುಚ್ಚಳ ಹಿಡಿಯುತ್ತಿದ್ದರು. ಉಬ್ಬಿದ ಹಿಟ್ಟು ಕುಲುಕಿದರೆ ಇಡ್ಲಿ ಕಲ್ಲಾಗುತ್ತದೆಂದು ಹಂಪ್ ಬಂದಲ್ಲೆಲ್ಲ ನೀವು ಆಮೆಯಾಗುತ್ತಿದ್ದಿರಿ. ಹಿಂದಿನ ಗಾಡಿಯವರ ಬೈಗುಳ ನಿಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ. ನೀವು ತೀರಿಕೊಂಡ ಮೇಲೆ ಅಮ್ಮ ಆ ಕಾರು ಹತ್ತಲೇ ಇಲ್ಲ. ಹಿಟ್ಟನ್ನು ನಾನು ರಿಕ್ಷಾದಲ್ಲಿ ಒಯ್ಯುತ್ತಿದ್ದೆ.

ಹೋದ ತಿಂಗಳು ಕಾರು ಹೊರತೆಗೆದರೆ ಹಿಂದಿನಿಂದ ಬರೀ ಕಟಕಟ. ಗ್ಯಾರೇಜಿನವನು ಗುಜರಿಗೆ ಕೊಟ್ಟುಬಿಡಿ ಅಕ್ಕಾ ಎಂದ. ಅಮ್ಮನೂ ಹೂಂ ಎಂದರು. ನನಗೆ ಹಟ ಬಂತು. ನಿಮ್ಮ ಕಾರು ತೂಕಕ್ಕೆ ಹೋಗುವುದೆಂದರೆ... ಪಾರ್ಕಿಂಗ್‌ನಲ್ಲೇ ಬಿಚ್ಚಿ ನೋಡುತ್ತೇನೆ, ಸದ್ದು ನಿಲ್ಲದಿದ್ದರೆ ಗುಜರಿಯೇ ಸರಿ ಎಂದೆ.

ಫೋನಿನಲ್ಲಿ ವಿಡಿಯೋ ನೋಡಿ, ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಕಳಚಿದೆ. ತುಕ್ಕು ಹಿಡಿದ ಬೋಲ್ಟು ಎಣ್ಣೆ ಕುಡಿಯಿತೇ ಹೊರತು ಅಲುಗಾಡಲಿಲ್ಲ. ಸ್ಪ್ಯಾನರಿಗೆ ಪೈಪು ತೊಡಿಸಿ ಜಗ್ಗಿದಾಗ ಕಿರುಚಿಕೊಂಡು ಬಂತು. ಬಲಗಡೆಯದು ಕಾರಿನಷ್ಟೇ ಹಳತು. ಎಣ್ಣೆಯೆಲ್ಲ ಸೋರಿ, ಒತ್ತಿದರೆ ಮತ್ತೆ ಮೇಲೇಳುತ್ತಿರಲಿಲ್ಲ. ರಬ್ಬರ್ ಬುಷ್ ಪುಡಿಪುಡಿ. ಎಡಗಡೆಯದು ಮಾತ್ರ ಆಮೇಲೆ ನೀವು ಹಾಕಿಸಿದ್ದು, ಇನ್ನೂ ಗಟ್ಟಿ. ಯಾಕಿರಬಹುದು?

ಅಮ್ಮನನ್ನು ಕರೆದು ತೋರಿಸಿದೆ. ಕಾರಿನಲ್ಲಿ ಯಾವ ಕಡೆ ಕೂರುತ್ತಿದ್ದಿರಿ ಅಮ್ಮಾ ಎಂದು ಕೇಳಿದೆ.

"ಎಡಕ್ಕೇ. ಒಮ್ಮೆ ಸೊಂಟ ನೋಯ್ತದೆ ಅಂದಿದ್ದೆ ಇವರ ಹತ್ರ. ಕೇಳಿಸ್ಲೇ ಇಲ್ಲ ಅಂತ ಎಣಿಸಿದ್ದೆ" ಎಂದರು. ಆಮೇಲೆ ಆ ಜಿಡ್ಡಿನ ಕೊಳವೆಯನ್ನು ಸೆರಗಿನಿಂದ ಒರೆಸತೊಡಗಿದರು. ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಅಪ್ಪಾ?

ಎರಡೂ ಕಡೆ ಹೊಸತು ಹಾಕಿದೆ. ಬುಷ್‌ನ ಬೋಲ್ಟಿಗೆ ಕೊನೆಯ ಬಿಗಿ ಕೊಡುವುದು ಚಕ್ರ ನೆಲಕ್ಕಿಳಿದ ಮೇಲೇ ಅಂತೆ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಳ್ಳುತ್ತದಂತೆ. ಇದು ನಿಮಗೆ ಗೊತ್ತಿತ್ತೇ?

ಇವತ್ತು ಬೆಳಿಗ್ಗೆ ಅಮ್ಮ ಹಿಟ್ಟಿನ ಪಾತ್ರೆಯೊಂದಿಗೆ ಕಾರು ಹತ್ತಿದರು, ಎಡಗಡೆಗೇ. ಗೇಟಿನ ಹಂಪಿನಲ್ಲಿ ಹಿಂದಕ್ಕೆ ಕಿವಿಗೊಟ್ಟೆ. ಕಟಕಟ ಇಲ್ಲ. ಸೇತುವೆಯ ಮೇಲೆ ಕನ್ನಡಿಯಲ್ಲಿ ನೋಡಿದರೆ ಅಮ್ಮನ ಕೈ ಮುಚ್ಚಳದ ಮೇಲಿರಲಿಲ್ಲ. ಇಷ್ಟು ವರ್ಷ ಪಾತ್ರೆಯನ್ನೇ ನೋಡುತ್ತ ಸೇತುವೆ ದಾಟಿದವರು ಕಿಟಕಿಗೆ ಮುಖವಿಟ್ಟು ಕುಳಿತಿದ್ದರು.

"ಈ ಹೊಳೆ ಇಷ್ಟು ಅಗಲ ಉಂಟಾ?" ಎಂದರು.

ಅವರು ನೋಡಿ ಮುಗಿಸಲೆಂದು ನಾನು ನಿಮ್ಮ ಹಾಗೆಯೇ ಆಮೆಯಾದೆ. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು.

ನಿಮ್ಮ ಮಗಳು