ನಾಳೆಗೆ ಗೊತ್ತುಮಾಡಿದ ಹೊಟ್ಟೆನೋವು

ಬುಧವಾರ, ಜುಲೈ ೧೬. ರಾತ್ರಿ.

ಸಮಸ್ತ ಲೋಕಕ್ಕೆ ತಿಳಿದಿರಲಿ: ಇಂದು ಸಂಜೆ ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ನನ್ನ ಎಡಗಾಲಿನ ಚಪ್ಪಲಿಯ ಉಂಗುಟ ವೀರಮರಣವನ್ನಪ್ಪಿತು. ಕೌಲ್ ಬಜಾರಿನ ಮನೆಯವರೆಗೂ ಅದನ್ನು ಕೈಯಲ್ಲೇ ಹೊತ್ತು ತಂದೆ. ನಿಜ ಹೇಳಬೇಕೆಂದರೆ, ಚಪ್ಪಲಿಗಿಂತ ನಾಳೆಯ ಹೆದರಿಕೆಯೇ ದೊಡ್ಡದು.

ನಾಳೆ ಶಿಕ್ಷಣ ಇಲಾಖೆಯ ಅಧಿಕಾರಿಗಳು ನಾನು ಪಾಠ ಮಾಡುವ ಶಾಲೆಗೆ ಬಂದು ಏಳನೇ ತರಗತಿಯವರನ್ನು ಓದಿಸಿ ನೋಡುತ್ತಾರಂತೆ. ಹೆಡ್ ಮಾಸ್ತರ್ ಮರಿಬಸಪ್ಪನವರು ಹಿಂದಿನ ಬೆಂಚಿಗೆಲ್ಲ ಮುಂಗಡವಾಗಿ ಕಾಯಿಲೆ ಹಂಚಿದರು.

"ಹುಲುಗಮ್ಮಗ ನಾಳಿ ಹೊಟ್ಟಿನೋವು. ಮನ್ಯಾಗ ಇರಲಿ ಬಿಡ್ರಿ, ಸಾಲಿ ಮಾನ ಉಳೀತೈತಿ."

ಹೋದ ವರ್ಷದಿಂದ ಅವಳನ್ನು ಜಾಣೆ ಶೀಲಾಳ ಪಕ್ಕ ಕೂರಿಸಿ ಓದಿಸುತ್ತಿದ್ದೇನೆ. ಈಗ ಬೆರಳಿಟ್ಟುಕೊಂಡು ಓದುತ್ತಾಳೆ. ಯಾರಾದರೂ ಗದರಿದರೆ ಮಾತ್ರ ಬೆರಳೂ ನಿಲ್ಲುತ್ತದೆ, ಬಾಯೂ ನಿಲ್ಲುತ್ತದೆ.

ಸಂಜೆ ಶಾಲೆಯ ಗೇಟಿನ ಹತ್ತಿರ ಹುಲುಗಮ್ಮ ಕೇಳಿದಳು, "ಸಾರ್, ನಾಳಿ ನನಗ ಹೊಟ್ಟಿನೋವು ಬರಬೇಕೇನ್ರಿ?"

"ಬ್ಯಾಡವಾ, ನೀ ಸಾಲಿಗೆ ಬಾ. ನಾ ಬಾಜೂಕ ನಿಂತಿರ್ತೀನಿ."

ದೊಡ್ಡ ಮಾತು ಆಡಿ ಬಂದೆ. ಅವಳು ತಡವರಿಸಿ, ಎಲ್ಲರೂ ನಕ್ಕರೆ? ಭತ್ತದ ನಾಟಿ ಬೇರೆ ಶುರುವಾಗಿದೆ. ಅವಮಾನವಾಗಿ ಅವ್ವನ ಜೊತೆ ಗದ್ದೆಗಿಳಿದ ಹುಡುಗಿ ಮತ್ತೆ ಶಾಲೆಯ ಕಡೆ ತಿರುಗುವುದಿಲ್ಲ. ಬಾ ಎಂದವನು ನಾನೇ ಅಲ್ಲವೇ.

ಸುನಂದಾ, ಗಂಡನ ದಿನಚರಿಯನ್ನು ನೀನು ಕದ್ದು ಓದುತ್ತೀ ಎಂಬುದು ನನಗೆ ಗೊತ್ತು. ಬೆಳಿಗ್ಗೆ ನಾನು ಹೊಟ್ಟೆನೋವು ಎಂದರೆ ನಂಬಬೇಡ. ನಿನ್ನ ಚಪ್ಪಲಿ ಹಾಕಿಸಿಯಾದರೂ ಮೊದಲ ಬಸ್ಸಿಗೆ ಹತ್ತಿಸಿಬಿಡು.